ಕಲ್ಲಚ್ಚಿನ ಮುಖ

ಗೋಡೆಯ ಮೇಲೆ ಒಂದಾದರೂ ಪಟವಿಲ್ಲದ ಗೃಹಸ್ಥನ ಮನೆ ನಾಡಿನಲ್ಲಿ ಅಪೂರ್ವ. ಪಡಸಾಲೆಯ ಗೋಡೆಗೆ ಮೊಳೆ ಹೊಡೆದು, ಕಟ್ಟುಹಾಕಿಸಿ ಗಾಜು ಕೂಡಿಸಿದ ಚಿತ್ರವನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ತೂಗುಹಾಕುವುದು, ದಿನವೂ ಅದಕ್ಕೊಂದು ಹೂವೇರಿಸುವುದು, ಗೋಡೆಗೆ ಸುಣ್ಣ ಬಳಿಯುವಾಗ ಇಳಿಸಿ ಒರೆಸಿ ಮತ್ತೆ ಅದೇ ಮೊಳೆಗೆ ಏರಿಸುವುದು ಇವೆಲ್ಲ ಅನಾದಿಕಾಲದಿಂದ ನಡೆದುಬಂದ ಆಚಾರವೆಂಬಂತೆ ನಡೆಯುತ್ತಿವೆ. ಆದರೆ ಈ ಆಚಾರದ ವಯಸ್ಸು ಹೆಚ್ಚೆಂದರೆ ನೂರೈವತ್ತು ವರ್ಷ. ಅದಕ್ಕೂ ಹಿಂದೆ ಮುಖವೊಂದನ್ನು ಬರೆಯಿಸಿ ಇರಿಸಿಕೊಳ್ಳುವುದು ಅರಸರಿಗೂ ಸಿರಿವಂತರಿಗೂ ಮೀಸಲಾದ ಭೋಗವಾಗಿದ್ದಿತು. ಬಡವನು ಸತ್ತ ಮೇಲೆ ಅವನನ್ನು ಕಂಡವರು ಇರುವವರೆಗೆ ಮಾತ್ರ ಅವನ ಮುಖ ಲೋಕದಲ್ಲಿ ಉಳಿಯುತ್ತಿತ್ತು.

ಈ ಭೋಗವನ್ನು ಅರಮನೆಯಿಂದ ಗುಡಿಸಲಿಗೆ ಇಳಿಸಿ ತಂದುದು ಕಲ್ಲಚ್ಚು. ಕಲ್ಲಿನ ಮೇಲೆ ಬರೆದು ಕಾಗದಕ್ಕೆ ಇಳಿಸುವ ಈ ಮುದ್ರಣಕಲೆಯು ಮನುಷ್ಯನ ಮುಖವನ್ನು ನಾಲ್ಕು ಕಾಸಿಗೆ ದೊರೆಯುವ ವಸ್ತುವನ್ನಾಗಿ ಮಾಡಿತು. ಅದರೊಡನೆ ಎರಡು ಪ್ರಶ್ನೆಗಳೂ ಹುಟ್ಟಿದವು. ಗೌರವದ ಕುರುಹಾದ ಭಾವಚಿತ್ರವು ಸಂತೆಯ ಸರಕಾದಾಗ ಗೌರವವೂ ಅಗ್ಗವಾಗುವುದೇ ಎಂಬುದು ಮೊದಲನೆಯದು. ಒಬ್ಬನ ಮುಖವನ್ನು ಮತ್ತೊಬ್ಬನು ಬರೆದು, ಮಗುದೊಬ್ಬನು ಅಚ್ಚುಹಾಕಿ, ಸಾವಿರಾರು ಜನ ಕೊಂಡು ಗೋಡೆಗೇರಿಸುವಾಗ ಆ ಮುಖದ ಮಾನಕ್ಕೆ ಹೊಣೆಗಾರರು ಯಾರು ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯೇ ಗುರುತರವಾದುದು. ಅದು ಅತ್ಯಂತ ತೀಕ್ಷ್ಣವಾಗಿ ಎದ್ದು ನಿಂತುದು 19ನೆಯ ಶತಮಾನದ ಅಮೆರಿಕದಲ್ಲಿ, ಗುಲಾಮಗಿರಿಯಿಂದ ಆಗತಾನೇ ಬಿಡುಗಡೆ ಹೊಂದಿದ ಜನರ ವಿಷಯದಲ್ಲಿ.

ಕಲ್ಲಚ್ಚಿನ ಹುಟ್ಟೂರು ಜರ್ಮನಿಯ ಮ್ಯೂನಿಕ್ ನಗರ. ಅಲ್ಲಿ ಅಲೋಯಿಸ್ ಸೆನೆಫೆಲ್ಡರ್ ಎಂಬ ನಾಟಕಕಾರನಿದ್ದನು. ತನ್ನ ನಾಟಕಗಳನ್ನು ಅಚ್ಚುಹಾಕಿಸಲು ಹಣವಿಲ್ಲದೆ, ತಾನೇ ಮುದ್ರಿಸಿಕೊಳ್ಳುವ ಅಗ್ಗದ ಉಪಾಯವನ್ನು ಹುಡುಕುತ್ತ, ಬವೇರಿಯದ ನುಣುಪಾದ ಸುಣ್ಣದಕಲ್ಲುಗಳ ಮೇಲೆ ಪ್ರಯೋಗ ನಡೆಸುತ್ತಿದ್ದನು. 1796ರಲ್ಲಿ ಒಂದು ದಿನ ಅಗಸಗಿತ್ತಿ ಬಂದು ಕಾದು ನಿಂತಿದ್ದಳು; ಒಗೆಯಲು ಕೊಡುವ ಬಟ್ಟೆಗಳ ಪಟ್ಟಿಯನ್ನು ಬರೆಯೆಂದು ತಾಯಿ ಹೇಳಿದಳು; ಕೈಗೆ ಕಾಗದ ಸಿಗಲಿಲ್ಲ. ಮೇಣ, ಸಾಬೂನು, ದೀಪದ ಮಸಿಗಳನ್ನು ಬೆರೆಸಿ ಮಾಡಿಟ್ಟಿದ್ದ ಶಾಯಿಯಿಂದ ಆ ಪಟ್ಟಿಯನ್ನು ಕಲ್ಲಿನ ಮೇಲೆಯೇ ಬರೆದೆನೆಂದೂ, ಅದನ್ನು ಅಳಿಸುವ ಮುನ್ನ ಹೊಸದೊಂದು ಯೋಚನೆ ಹೊಳೆಯಿತೆಂದೂ ಸೆನೆಫೆಲ್ಡರನೇ ಹೇಳಿಕೊಂಡಿದ್ದಾನೆ. ಮುಂದೆ ಎರಡು ವರ್ಷಗಳ ಪರಿಶ್ರಮದಿಂದ 1798ರ ಹೊತ್ತಿಗೆ ಈ ವಿದ್ಯೆ ಅವನಿಗೆ ಪೂರ್ಣವಾಗಿ ಕೈವಶವಾಯಿತು. ಅಗಸರ ಲೆಕ್ಕದಿಂದ ಹುಟ್ಟಿದ ವಿದ್ಯೆ ಇದೆಂಬ ಮಾತು ಮಡಿವಾಳ ಮಾಚಯ್ಯನನ್ನು ಭಕ್ತಿಯಿಂದ ನೆನೆಯುವ ವಾಚಕರಿಗೆ ಹಿತವೆನಿಸದಿರದು.

ಇದರ ತತ್ತ್ವ ಸರಳವಾದುದು. ನೀರಿಗೂ ಜಿಡ್ಡಿಗೂ ಕೂಡಿಬರದು. ನಯಮಾಡಿದ ಕಲ್ಲಿನ ಮೇಲೆ ಚಿತ್ರಕಾರನು ಜಿಡ್ಡಿನ ಬಳಪದಿಂದ ಚಿತ್ರವನ್ನು ಬರೆಯುತ್ತಾನೆ. ಗೋಂದು ಮತ್ತು ತುಸು ಆಮ್ಲ ಬೆರೆಸಿದ ದ್ರಾವಣವನ್ನು ಅದರ ಮೇಲೆ ಸವರಿ, ಅನಂತರ ಕಲ್ಲನ್ನು ನೀರಿನಿಂದ ಒದ್ದೆಮಾಡುತ್ತಾರೆ. ಬರೆದ ಗೆರೆ ನೀರನ್ನು ಒಲ್ಲದು. ಬರೆಯದ ಜಾಗ ನೀರನ್ನು ಹೀರಿಕೊಳ್ಳುವುದು. ಆಮೇಲೆ ಎಣ್ಣೆಯ ಮಸಿ ಹಚ್ಚಿದ ಉರುಳೆಯನ್ನು ಹಾಯಿಸಿದರೆ ಮಸಿಯು ಗೆರೆಗೆ ಮಾತ್ರ ಅಂಟುತ್ತದೆ. ಕಾಗದವಿಟ್ಟು ಒತ್ತಿದರೆ ಚಿತ್ರ ಇಳಿದುಬರುತ್ತದೆ. ತಾಮ್ರದ ತಗಡಿನಲ್ಲಿ ಕೊರೆಯುವ ಹಳೆಯ ಪದ್ಧತಿಗೆ ವರ್ಷಗಟ್ಟಲೆ ಪಳಗಿದ ಕೈ ಬೇಕಾಗಿತ್ತು; ತಗಡೂ ಒತ್ತಿದಂತೆ ಸವೆಯುತ್ತಿತ್ತು. ಕಲ್ಲಿನ ಮೇಲಾದರೋ ಚಿತ್ರ ಬರೆಯಬಲ್ಲವನು ಕಾಗದದ ಮೇಲೆ ಬರೆದಷ್ಟೇ ಸಲೀಸಾಗಿ ಬರೆಯಬಹುದು. ಅವನ ಕೈಯ ನಡುಕವೂ ಹಾಗೆಯೇ ಕಾಗದಕ್ಕಿಳಿಯುತ್ತದೆ. ಬೇಕಾದಷ್ಟು ಪ್ರತಿಗಳು ಮುಗಿದ ಮೇಲೆ ಮರಳನ್ನೂ ನೀರನ್ನೂ ಹಾಕಿ ಉಜ್ಜಿದರೆ ಹಳೆಯ ಚಿತ್ರ ಅಳಿದು, ಕಲ್ಲು ಮತ್ತೊಂದು ಚಿತ್ರಕ್ಕೆ ಸಿದ್ಧವಾಗುತ್ತದೆ. ಈ ಕೊನೆಯ ಸಂಗತಿಯನ್ನು ವಾಚಕರು ನೆನಪಿನಲ್ಲಿಡುವುದು ಒಳ್ಳೆಯದು.

ಭಾವಚಿತ್ರಕ್ಕೆ ಈ ವಿದ್ಯೆ ಹೇಳಿಮಾಡಿಸಿದಂತಿತ್ತು. ವಿಯೆನ್ನಾದ ಯೋಸೆಫ್ ಕ್ರೀಹೂಬರ್ ಒಬ್ಬನೇ ತನ್ನ ಜೀವಮಾನದಲ್ಲಿ ಸುಮಾರು 3,000 ಮುಖಗಳನ್ನು ಕಲ್ಲಿನ ಮೇಲೆ ಬರೆದನು. ಅಮೆರಿಕದಲ್ಲಿ ನಥಾನಿಯಲ್ ಕರಿಯರ್ 1830ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದನು. 1857ರಲ್ಲಿ ಲೆಕ್ಕಪತ್ರಗಳಲ್ಲಿ ನಿಪುಣನಾದ ಜೇಮ್ಸ್ ಐವ್ಸ್ ಅವನಿಗೆ ಪಾಲುದಾರನಾದನು. ಅಗ್ಗದ ಜನಪ್ರಿಯ ಚಿತ್ರಗಳ ಪ್ರಕಾಶಕರೆಂದು ಅವರು ತಮ್ಮನ್ನು ತಾವೇ ಕರೆದುಕೊಂಡರು. 'ಅಗ್ಗ' ಎಂಬ ಶಬ್ದಕ್ಕೆ ನಾಚಲಿಲ್ಲ. ಸಣ್ಣ ಹಾಳೆಯೊಂದು ಇಪ್ಪತ್ತು ಸೆಂಟಿನ ಆಸುಪಾಸಿನಲ್ಲಿ ದೊರೆಯುತ್ತಿತ್ತು. ಕಪ್ಪುಮಸಿಯಲ್ಲಿ ಅಚ್ಚಾದ ಹಾಳೆಗಳಿಗೆ ಬಣ್ಣ ತುಂಬುತ್ತಿದ್ದವರು ಹೆಣ್ಣುಮಕ್ಕಳು. ಉದ್ದನೆಯ ಮೇಜಿನ ಸುತ್ತ ಕುಳಿತು, ಮಾದರಿಯ ಚಿತ್ರವನ್ನು ಎದುರಿಗಿರಿಸಿಕೊಂಡು, ಒಬ್ಬಳು ನೀಲಿಯನ್ನು ಹಚ್ಚಿ ಸರಿಸಿದರೆ ಮತ್ತೊಬ್ಬಳು ಕೆಂಪನ್ನು ಹಚ್ಚುವಳು. 7,000ಕ್ಕೂ ಹೆಚ್ಚು ಬಗೆಯ ಚಿತ್ರಗಳು ಹೀಗೆ ಹೊರಬಿದ್ದವು. ಅಧ್ಯಕ್ಷರು, ಸೇನಾನಿಗಳು, ಕುದುರೆಗಳು, ಹಡಗುಗಳು, ಹಿಮ ಬಿದ್ದ ಹಳ್ಳಿಗಳು ಎಲ್ಲವೂ ಅವುಗಳಲ್ಲಿದ್ದವು. ಆ ಮೇಜಿನ ಹೆಣ್ಣುಮಕ್ಕಳ ಹೆಸರು ಯಾವ ಹಾಳೆಯ ಮೇಲೂ ಇಲ್ಲ.

ಬಾಸ್ಟನ್ ನಗರದಲ್ಲಿ ಲೂಯಿ ಪ್ರ್ಯಾಂಗ್ ಎಂಬವನು ಒಂದು ಹೆಜ್ಜೆ ಮುಂದೆ ಹೋದನು. 1848ರ ಯುರೋಪಿನ ಕ್ರಾಂತಿ ಸೋತ ಮೇಲೆ ಜರ್ಮನ್ ನಾಡನ್ನು ಬಿಟ್ಟು ಬಂದವನು ಅವನು. ಬಣ್ಣಕ್ಕೊಂದರಂತೆ ಹಲವು ಕಲ್ಲುಗಳನ್ನು ಸಿದ್ಧಪಡಿಸಿ, ಒಂದೇ ಹಾಳೆಯನ್ನು ಒಂದಾದ ಮೇಲೊಂದು ಕಲ್ಲಿಗೆ ಒತ್ತಿ, ತೈಲಚಿತ್ರವನ್ನು ಹೋಲುವ ಬಣ್ಣದ ಪ್ರತಿಗಳನ್ನು ಅವನು ತೆಗೆದನು. ಕ್ಯಾಥರೀನ್ ಬೀಚರ್, ಹ್ಯಾರಿಯಟ್ ಬೀಚರ್ ಸ್ಟೋ ಸೋದರಿಯರು 1869ರಲ್ಲಿ ಬರೆದ ಗೃಹಕೃತ್ಯದ ಗ್ರಂಥದಲ್ಲಿ, ಮಿತವಾದ ಆದಾಯದ ಗೃಹಿಣಿಯು ಇಂತಹ ಚಿತ್ರಗಳಿಂದ ಮನೆಯನ್ನು ಅಲಂಕರಿಸಬೇಕೆಂದು ಸಲಹೆಮಾಡಿದರು. ಪಂಡಿತರಿಗೆ ಇದು ಸಹನೆಯಾಗಲಿಲ್ಲ. ಗಾಡ್ಕಿನ್ ಎಂಬ ಪತ್ರಿಕಾ ಸಂಪಾದಕನು 1874ರಲ್ಲಿ ಇಡೀ ಸಮಾಜದ ಟೊಳ್ಳುತನವನ್ನು ಹಳಿಯಲು ಈ ಬಣ್ಣದ ಪ್ರತಿಗಳ ಹೆಸರನ್ನೇ ಬಳಸಿದನು. ಮೂಲವಲ್ಲದುದನ್ನು ಮೂಲವೆಂದು ನಂಬಿ, ಅರೆಬೆಂದ ತಿಳಿವಿನಿಂದ ತೃಪ್ತಿಪಡುವ ಜನ ಹೆಚ್ಚಿದರೆಂಬುದು ಅವನ ದೂರು.

ಈ ದೂರಿನಲ್ಲಿ ಸತ್ಯದ ಅಂಶವೇ ಇಲ್ಲವೆನ್ನುವಂತಿಲ್ಲ. ಸುಲಭವಾಗಿ ಕೈಗೆ ಬಂದುದನ್ನು ಮನುಷ್ಯನು ಕಣ್ಣಿಟ್ಟು ನೋಡುವುದಿಲ್ಲ. ಗೋಡೆಯ ಪಟವು ಗೋಡೆಯ ಬಿರುಕಿನಂತೆ ರೂಢಿಯಾಗಿಬಿಡುತ್ತದೆ. ಆದರೂ ವಿರಳವಾದುದೇ ಬೆಲೆಯುಳ್ಳದ್ದೆಂಬ ನಂಬಿಕೆಯ ಬುಡದಲ್ಲಿ ಒಡೆತನದ ಮದವಿದೆ. ತನ್ನಲ್ಲಿರುವುದು ನೆರೆಯವನಲ್ಲಿಯೂ ಇದೆಯೆಂದು ತಿಳಿದೊಡನೆ ಅದರ ಮೇಲಣ ಅಕ್ಕರೆ ಕುಗ್ಗುವುದಾದರೆ, ಆ ಅಕ್ಕರೆ ವಸ್ತುವಿನ ಮೇಲಿದ್ದುದಲ್ಲ, ನೆರೆಯವನ ಇಲ್ಲದಿಕೆಯ ಮೇಲಿದ್ದುದು. ದಾಸೋಹದ ಪಂಕ್ತಿಯಲ್ಲಿ ಸಾವಿರ ಜನ ಉಂಡರೆಂದು ಅನ್ನದ ರುಚಿ ಕೆಡುವುದುಂಟೇ?

ಗಾಡ್ಕಿನ್ನನಂತಹವರಿಗೆ ಹೊಳೆಯದಿದ್ದುದು ಬೇರೊಬ್ಬನಿಗೆ ಹೊಳೆದಿತ್ತು. ಫ್ರೆಡರಿಕ್ ಡಗ್ಲಾಸ್ ಮೇರಿಲ್ಯಾಂಡಿನಲ್ಲಿ ಗುಲಾಮನಾಗಿ ಹುಟ್ಟಿ, 1838ರಲ್ಲಿ ತಪ್ಪಿಸಿಕೊಂಡು ಬಂದು, ತನ್ನ ವಾಗ್ಮಿತೆಯಿಂದಲೂ ಲೇಖನಿಯಿಂದಲೂ ಗುಲಾಮಗಿರಿಯ ವಿರುದ್ಧ ಹೋರಾಡಿದ ಮಹನೀಯನು. 1849ರಲ್ಲಿ ತನ್ನ ಪತ್ರಿಕೆಯಲ್ಲಿ ಒಂದು ಗ್ರಂಥವನ್ನು ವಿಮರ್ಶಿಸುತ್ತ ಆತನು ಅದರಲ್ಲಿದ್ದ ಚಿತ್ರಗಳ ಮಾತನ್ನೂ ಎತ್ತಿದನು. ಬಿಳಿಯ ಚಿತ್ರಕಾರರ ಕೈಯಲ್ಲಿ ಕಪ್ಪು ಜನರಿಗೆ ನಿಷ್ಪಕ್ಷಪಾತವಾದ ಭಾವಚಿತ್ರ ದೊರೆಯುವುದು ಅಸಾಧ್ಯವೆಂಬುದು ಆತನ ಅಭಿಪ್ರಾಯ. ಅವರ ಮನಸ್ಸಿನಲ್ಲಿ ಈ ಜನರ ಮುಖದ ಒಂದು ಅಚ್ಚು ಮೊದಲೇ ಕುಳಿತಿದೆ. ಎದುರಿಗೆ ಯಾರು ಕುಳಿತರೂ ಆ ಅಚ್ಚೇ ಇಳಿಯುತ್ತದೆ. ಅದೇ ಗ್ರಂಥದಲ್ಲಿ ಡಗ್ಲಾಸನ ಚಿತ್ರವೂ ಇದ್ದಿತು. ಅದು ಅವಹೇಳನದ ಚಿತ್ರವಾಗಿರಲಿಲ್ಲ. ಮುಖದಲ್ಲಿ ಸೌಮ್ಯವಾದ ಮಂದಹಾಸವನ್ನು ತುಂಬಿದ್ದರು. ಆತನಿಗೆ ಅದೂ ಒಪ್ಪಿಗೆಯಾಗಲಿಲ್ಲ. ಬೇಟೆಯಿಂದ ಪಾರಾಗಿ ಬಂದ ಗುಲಾಮನ ಮುಖದಲ್ಲಿ ಅಂತಹ ಪ್ರಸನ್ನತೆಯನ್ನು ಬರೆಯುವುದು ಅವನು ಪಟ್ಟ ಪಾಡನ್ನು ಮರೆಸುವ ಸುಳ್ಳು. ನಿಂದೆಯಂತೆ ಮುಖಸ್ತುತಿಯೂ ಮನುಷ್ಯನನ್ನು ಅವನಿದ್ದಂತೆ ಕಾಣಲು ಒಲ್ಲದೆ ಹೋಗುವ ಒಂದು ಬಗೆಯೆಂಬುದನ್ನು ಆತನು ಅರಿತಿದ್ದನು. ಇದು ಸಾಮಾನ್ಯವಾದ ಸೂಕ್ಷ್ಮತೆಯಲ್ಲ.

ಇಪ್ಪತ್ತೊಂದು ವರ್ಷ ಕಳೆದವು. ನಡುವೆ ಅಂತರ್ಯುದ್ಧ ನಡೆದು, 1865ರಲ್ಲಿ ಗುಲಾಮಗಿರಿ ಶಾಸನದಿಂದ ಕೊನೆಗೊಂಡಿತು. 1870ರ ಫೆಬ್ರವರಿ 25ರಂದು ಮಿಸಿಸಿಪಿ ಪ್ರಾಂತದ ಪ್ರತಿನಿಧಿಯಾಗಿ ಹೈರಮ್ ರೆವಲ್ಸ್ ಎಂಬ ಧರ್ಮಬೋಧಕನು ಅಮೆರಿಕದ ಸೆನೆಟ್ ಸಭೆಯಲ್ಲಿ ಆಸನವೇರಿದನು. ಆ ಸಭೆಯಲ್ಲಿ ಕುಳಿತ ಮೊದಲ ಕಪ್ಪು ಮನುಷ್ಯನು ಆತನೇ. ಆತನನ್ನು ಸೇರಿಸಿಕೊಳ್ಳಬಹುದೇ ಕೂಡದೇ ಎಂದು ಚರ್ಚೆ ನಡೆದು, 48 ಮತಗಳು ಪರವಾಗಿಯೂ 8 ಮತಗಳು ವಿರುದ್ಧವಾಗಿಯೂ ಬಿದ್ದವು. ಪ್ರ್ಯಾಂಗನಂತೆಯೇ ಜರ್ಮನ್ ನಾಡಿನಿಂದ ಬಂದಿದ್ದ ಥಿಯೊಡೋರ್ ಕಾಫ್ಮನ್ ಎಂಬ ಚಿತ್ರಕಾರನು ರೆವಲ್ಸನ ಭಾವಚಿತ್ರವನ್ನು ಬರೆದನು. ಪ್ರ್ಯಾಂಗ್ ಅದನ್ನು ಕಲ್ಲಚ್ಚಿನ ಬಣ್ಣದ ಪ್ರತಿಗಳಾಗಿ ಹೊರತಂದು, ಒಂದು ಪ್ರತಿಯನ್ನು ಡಗ್ಲಾಸನಿಗೆ ಕಳುಹಿಸಿದನು.

ಡಗ್ಲಾಸನು ಅದೇ ವರ್ಷದ ಜೂನ್ ತಿಂಗಳಿನಲ್ಲಿ ಬರೆದ ಉತ್ತರವು ಚಿತ್ರಕಲೆಯ ಮೆಚ್ಚುಗೆಯ ಪತ್ರಕ್ಕಿಂತ ಬಹಳ ಮಿಗಿಲಾದುದು. ತನ್ನ ಜನರನ್ನು ಕಪಿಗಳಂತೆ ಚಿತ್ರಿಸುವುದನ್ನೇ ಕಂಡು ಕಂಡು ಬೇಸತ್ತವನಿಗೆ ಇಂತಹ ಚಿತ್ರವೊಂದು ದೊರೆತುದು ಭಾಗ್ಯವೆಂದು ಆತನು ಬರೆದನು. ನೋಡುವವನ ಮನಸ್ಸಿನಲ್ಲಿ ಯಾವ ಪೂರ್ವಗ್ರಹವೇ ಇರಲಿ, ಈ ಮುಖವನ್ನು ಕಂಡ ಮೇಲೆ ಮಿಸಿಸಿಪಿಯ ಸೆನೆಟರನು ಮನುಷ್ಯನೆಂಬುದನ್ನು ಒಪ್ಪಲೇಬೇಕಾಗುತ್ತದೆ ಎಂದನು. ತನ್ನ ಜನರ ಮನೆಗಳ ಗೋಡೆಗಳು ಈವರೆಗೆ ಏಕೆ ಬರಿದಾಗಿದ್ದವು ಎಂಬುದನ್ನೂ ವಿವರಿಸಿದನು. ಚಿತ್ರಗಳು ದಾಸ್ಯದೊಡನೆ ಬರುವಂಥವಲ್ಲ. ಸ್ವಾತಂತ್ರ್ಯ, ನ್ಯಾಯ, ಬಿಡುವುಗಳಿದ್ದಲ್ಲಿ ತಾವಾಗಿ ಬರುತ್ತವೆ ಎಂಬುದು ಆ ವಿವರಣೆಯ ಸಾರ. ತನ್ನ ದೇಹವೇ ತನ್ನದಲ್ಲದವನು ಯಾವ ಗೋಡೆಯನ್ನು ತನ್ನದೆಂದುಕೊಂಡಾನು, ಯಾರ ಮುಖವನ್ನು ಅದಕ್ಕೆ ಏರಿಸಿಯಾನು? ಪಂಡಿತರು ಅಗ್ಗದ ಚಿತ್ರವೆಂದು ಮೂಗು ಮುರಿದ ಹಾಳೆಯು ಡಗ್ಲಾಸನ ಕಣ್ಣಿಗೆ ಬಿಡುಗಡೆಯ ಸಾಕ್ಷಿಯಾಗಿ ಕಂಡಿತು. ಮೊದಲನೆಯ ಪ್ರಶ್ನೆಗೆ ಇದಕ್ಕಿಂತ ಬೇರೆ ಉತ್ತರ ಬೇಕಾಗಿಲ್ಲ.

ಎರಡನೆಯ ಪ್ರಶ್ನೆ ಇಷ್ಟು ಸುಲಭವಾಗಿ ಬಗೆಹರಿಯದು. 1872ರಲ್ಲಿ ನ್ಯೂಯಾರ್ಕಿನ ಕರಿಯರ್ ಮತ್ತು ಐವ್ಸ್ ಅಂಗಡಿಯೂ ಇಂತಹದೇ ಒಂದು ಚಿತ್ರವನ್ನು ಹೊರತಂದಿತು. ರೆವಲ್ಸನೂ ಕಾಂಗ್ರೆಸ್ಸಿನ ಕೆಳಮನೆಗೆ ಆರಿಸಿ ಬಂದ ಆರು ಮಂದಿ ಕಪ್ಪು ಪ್ರತಿನಿಧಿಗಳೂ, ಒಟ್ಟು ಏಳು ಜನರು, ರಾಜ್ಯಭಾರದ ಹೊಣೆ ಹೊತ್ತವರಿಗೆ ತಕ್ಕ ಗಾಂಭೀರ್ಯದಿಂದ ಅದರಲ್ಲಿ ಕಾಣಿಸಿಕೊಂಡಿದ್ದಾರೆ. ಕೆಲವೇ ವರ್ಷಗಳ ಅನಂತರ ಅದೇ ಅಂಗಡಿಯಿಂದ 'ಡಾರ್ಕ್‌ಟೌನ್' ಎಂಬ ಹೆಸರಿನ ಹಾಸ್ಯಚಿತ್ರಗಳ ಮಾಲೆಯೊಂದು ಹೊರಬಂದಿತು. ಅದರ ಬಹುಪಾಲನ್ನು ಬರೆದವನು ಥಾಮಸ್ ವರ್ತ್. ಕಪ್ಪು ಜನರು ಬೆಂಕಿ ನಂದಿಸಲು ಹೋಗಿ ತಾವೇ ಮುಗ್ಗರಿಸುವುದು, ಕುದುರೆಯೋಟದಲ್ಲಿ ಎಡವುವುದು, ಸಭ್ಯರಂತೆ ಉಡುಪು ತೊಟ್ಟು ನಗೆಪಾಟಲಾಗುವುದು ಇವೇ ಆ ಚಿತ್ರಗಳ ವಸ್ತು. ತುಟಿಯನ್ನು ಹಿಗ್ಗಿಸಿ, ಕಣ್ಣನ್ನು ಅರಳಿಸಿ, ಎಲ್ಲರಿಗೂ ಒಂದೇ ಮುಖವನ್ನು ಹಚ್ಚಿದ್ದಾರೆ. ಅಂಗಡಿಯ ಸರಕುಗಳಲ್ಲಿ ಅತ್ಯಂತ ಹೆಚ್ಚಾಗಿ ಮಾರಾಟವಾದವುಗಳಲ್ಲಿ ಈ ಮಾಲೆಯೂ ಸೇರಿತ್ತು. ಅದೇ ಬಗೆಯ ಕಲ್ಲು, ಅದೇ ಮಸಿ, ಅದೇ ಅಗ್ಗದ ಬೆಲೆ.

ಹೊಣೆ ಯಾರದು? ಕೊಳ್ಳುವವರು ಕೇಳಿದುದನ್ನು ಮಾರುವವನು ಕೊಟ್ಟನು. ಮಾರುವವನು ಹೇಳಿದುದನ್ನು ಬರೆಯುವವನು ಬರೆದನು. ಮೇಜಿನ ಸುತ್ತ ಕುಳಿತವಳು ತನ್ನ ಪಾಲಿನ ಕೆಂಪನ್ನು ಹಚ್ಚಿದಳು. ಕೊಂಡವನನ್ನು ಕೇಳಿದರೆ ಒಂದು ನಗೆಗಾಗಿ ಕೊಂಡೆನೆಂದಾನು. ಪಾಪವು ಹೀಗೆ ಹಲವು ಕೈಗಳಲ್ಲಿ ಹಂಚಿಹೋದಾಗ ಪ್ರತಿಯೊಬ್ಬನ ಪಾಲಿಗೂ ಬರುವುದು ಅಣುವಿನಷ್ಟೇ ಎಂದು ತೋರುತ್ತದೆ. ಅವಮಾನಕ್ಕೀಡಾದವನ ಮೇಲಾದರೋ ಅದು ಇಡಿಯಾಗಿಯೇ ಬೀಳುತ್ತದೆ. ಕಾಯಕದ ತತ್ತ್ವವನ್ನು ಬಲ್ಲವರು ಈ ಲೆಕ್ಕಾಚಾರವನ್ನು ಒಪ್ಪಲಾರರು. ದುಡಿಮೆಯು ಕಾಯಕವೆನಿಸಬೇಕಾದರೆ ಕೈಯಿಂದ ಹೊರಟ ವಸ್ತು ಎಲ್ಲಿಗೆ ಹೋಗಿ ಯಾರನ್ನು ಮುಟ್ಟಿತೆಂಬುದೂ ದುಡಿದವನ ಎಣಿಕೆಯಲ್ಲಿರಬೇಕು. ಆದರೂ ಇಲ್ಲಿ ಎಲ್ಲರಿಗಿಂತ ಹೆಚ್ಚಿನ ಹೊಣೆ ಗೃಹಸ್ಥನದೇ ಎನ್ನಬೇಕಾಗುತ್ತದೆ. ಬಡವಳಾದ ಬಣ್ಣಗಾರ್ತಿಗೆ ಹಾಳೆಯನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿರಲಿಲ್ಲ. ಇಪ್ಪತ್ತು ಸೆಂಟು ಹಿಡಿದು ಅಂಗಡಿಯೆದುರು ನಿಂತವನಿಗೆ ಇದ್ದಿತು. ರೆವಲ್ಸನ ಚಿತ್ರವನ್ನೋ ಹಿಮದ ಹಳ್ಳಿಯನ್ನೋ ಒಂದು ಕುದುರೆಯನ್ನೋ ಅವನು ಕೊಳ್ಳಬಹುದಾಗಿತ್ತು.

ಆ ಮನೆಯಲ್ಲಿ ಬೆಳೆದ ಮಗುವಿನ ಸ್ಥಿತಿಯನ್ನು ಯೋಚಿಸಬೇಕು. ಅಕ್ಷರ ಕಲಿಯುವ ಮೊದಲೇ ಅದು ಗೋಡೆಯನ್ನು ಓದುತ್ತದೆ. ಹಿರಿಯರು ಯಾವ ಮುಖದ ಮುಂದೆ ತಲೆಬಾಗುತ್ತಾರೆ, ಯಾವ ಮುಖವನ್ನು ನೋಡಿ ನಗುತ್ತಾರೆ ಎಂಬುದನ್ನು ಅದಕ್ಕೆ ಯಾರೂ ಬಾಯಿಬಿಟ್ಟು ಹೇಳಿಕೊಡಬೇಕಾಗಿಲ್ಲ. 1877ರ ಅನಂತರ ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಕಪ್ಪು ಜನರ ಮತದಾನದ ಹಕ್ಕನ್ನು ಹಂತಹಂತವಾಗಿ ಕಸಿದುಕೊಂಡರು. ಬ್ಲಾಂಚ್ ಬ್ರೂಸ್ 1881ರಲ್ಲಿ ಸೆನೆಟಿನಿಂದ ಇಳಿದ ಮೇಲೆ ಆ ಸಭೆಯಲ್ಲಿ ಮತ್ತೊಬ್ಬ ಕಪ್ಪು ಸದಸ್ಯನು ಕುಳಿತುದು 1967ರಲ್ಲಿ. ಇದಕ್ಕೆಲ್ಲ ಹಾಸ್ಯಚಿತ್ರಗಳೇ ಕಾರಣವೆಂದರೆ ಅತಿಶಯೋಕ್ತಿಯಾದೀತು. ನೆರೆಯವನ ಹಕ್ಕು ಹೋಗುತ್ತಿರುವಾಗ ಮನಸ್ಸಾಕ್ಷಿಯು ನೋಯದಂತೆ ಅದನ್ನು ಮರಗಟ್ಟಿಸುವುದರಲ್ಲಿ ಅವುಗಳ ಪಾಲಿತ್ತು ಎನ್ನುವುದು ಅತಿಯಾಗದು.

ಚಿತ್ರವು ಮಾತಿನ ಜಾತಿಯದೋ ಕ್ರಿಯೆಯ ಜಾತಿಯದೋ ಎಂಬ ವಾದ ಫ್ರಾನ್ಸ್ ದೇಶದಲ್ಲಿ ಬಹಿರಂಗವಾಗಿಯೇ ನಡೆದುಹೋಗಿದೆ. ಅಲ್ಲಿ ಓನೊರೆ ದೋಮಿಯೆ ಎಂಬ ಚಿತ್ರಕಾರನು ದೊರೆಯನ್ನು ಪ್ರಜೆಗಳ ಹಣವನ್ನು ನುಂಗುವ ಹೊಟ್ಟೆಬಾಕನನ್ನಾಗಿ ಕಲ್ಲಿನ ಮೇಲೆ ಬರೆದು, 1832ರಲ್ಲಿ ಸೆರೆಮನೆ ಸೇರಿದನು. 1835ರ ಶಾಸನವು, ಅಭಿಪ್ರಾಯವನ್ನು ಬರೆಯುವ ಹಕ್ಕು ಬೇರೆ, ಚಿತ್ರವು ಕಣ್ಣಿಗೆ ಎರಗುವ ಕ್ರಿಯೆಯೇ ಬೇರೆ ಎಂದು ವಾದಿಸಿ, ಚಿತ್ರಗಳಿಗೆ ಮುಂಚಿತವಾಗಿ ಸರ್ಕಾರದ ಅಪ್ಪಣೆ ಬೇಕೆಂದು ವಿಧಿಸಿತು. ದೊರೆಯು ತನ್ನನ್ನು ಕಾಪಾಡಿಕೊಳ್ಳಲು ಮಾಡಿಕೊಂಡ ಈ ಶಾಸನ ಅನ್ಯಾಯದ್ದು. ಚಿತ್ರವೊಂದು ಕ್ರಿಯೆಯೆಂಬ ಅದರ ತಿಳಿವಳಿಕೆ ಮಾತ್ರ ಸುಳ್ಳಲ್ಲ. ದೋಮಿಯೆಯ ಹಾಸ್ಯಕ್ಕೂ ಡಾರ್ಕ್‌ಟೌನಿನ ಹಾಸ್ಯಕ್ಕೂ ಇರುವ ಅಂತರವನ್ನು ಕಾಣಲು ಬಹಳ ದೂರ ಹೋಗಬೇಕಾಗಿಲ್ಲ. ಒಂದು ಸಿಂಹಾಸನದ ಮೇಲಿದ್ದವನನ್ನು ಕುರಿತದ್ದು. ಅದನ್ನು ಬರೆದವನು ಸೆರೆಗೆ ಹೋದನು. ಇನ್ನೊಂದು ಆಗತಾನೇ ನೆಲದಿಂದೆದ್ದವರನ್ನು ಕುರಿತದ್ದು. ಅದನ್ನು ಬರೆದವನಿಗೆ ಯಾವ ಅಪಾಯವೂ ಇರಲಿಲ್ಲ.

ಭಾರತದಲ್ಲಿ ಕಲ್ಲಚ್ಚಿನ ಬಣ್ಣದ ಪಟಗಳು ಮನೆಮನೆಗೆ ಹರಡಿದುದು 19ನೆಯ ಶತಮಾನದ ಕೊನೆಯ ದಶಕಗಳಲ್ಲಿ. ಮೈಸೂರಿನ ಅರಮನೆಗೂ ಚಿತ್ರಗಳನ್ನು ಬರೆದುಕೊಟ್ಟಿದ್ದ ರಾಜಾ ರವಿವರ್ಮನು 1894ರಲ್ಲಿ ಜರ್ಮನ್ ಕುಶಲಿಗಳ ನೆರವಿನಿಂದ ಮುಂಬಯಿಯಲ್ಲಿ ಅಚ್ಚುಕೂಟವನ್ನು ತೆರೆದ ಮೇಲೆ, ಆ ಚಿತ್ರಗಳ ಮಾದರಿಯೇ ನಾಡಿನ ಕಣ್ಣಿಗೆ ರೂಢಿಯಾಯಿತು. ಮುಂದೆ ಶರಣರ ಪಟಗಳೂ ಬಂದವು. 12ನೆಯ ಶತಮಾನದ ಶರಣರನ್ನು ಎದುರಿಗೆ ಕುಳ್ಳಿರಿಸಿ ಬರೆದ ಚಿತ್ರ ಒಂದೂ ಇಲ್ಲ; ಇರುವುದೆಲ್ಲ ಚಿತ್ರಕಾರರ ಭಾವನೆ. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದವರಿಗೆ ಪಟವು ಪೂಜ್ಯವಸ್ತುವಾಗಬೇಕಾದ ಅಗತ್ಯವಿಲ್ಲ. ಅದು ನೆನಹಿಗೊಂದು ಆಸರೆ ಮಾತ್ರ. ಆದರೆ ಆಸರೆಯೂ ಸತ್ಯವಾಗಿರಬೇಕಷ್ಟೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳಲ್ಲಿ ಅವರ ಕುಲವೂ ಕಸುಬೂ ಮರೆಯಿಲ್ಲದೆ ನಿಂತಿವೆ. ಲೋಕವು ಹೀನವೆಂದು ಕರೆದ ಶಬ್ದವನ್ನೇ ಕಲ್ಯಾಣದ ಶರಣರು ಗೌರವದ ಶಬ್ದವನ್ನಾಗಿ ಮಾಡಿದರು. ಇಂಥವರ ಚಿತ್ರ ಬರೆಯುವಾಗ ತೊಗಲು ಹದಮಾಡಿದ ಕೈಯನ್ನು ಮರೆಮಾಡಿ, ಬಿಸಿಲಲ್ಲಿ ಬೆಂದ ಮೈಗೆ ಹಾಲಿನ ಬಣ್ಣ ಹಚ್ಚಿ, ನಿಷ್ಠುರವಾದಿಯಾದ ಚೌಡಯ್ಯನ ತುಟಿಯಲ್ಲಿಯೂ ಎಲ್ಲರದೇ ಮಂದಹಾಸವನ್ನಿರಿಸಿದರೆ, ಅದನ್ನು ಭಕ್ತಿಯೆನ್ನಬಹುದೇ? 1849ರಲ್ಲಿ ಡಗ್ಲಾಸನು ತನ್ನ ಸೌಮ್ಯವಾದ ಚಿತ್ರವನ್ನು ನೋಡಿ ಎತ್ತಿದ ಆಕ್ಷೇಪ ಇಲ್ಲಿಯೂ ಸಲ್ಲುತ್ತದೆ.

ಕರಿಯರ್ 1888ರಲ್ಲಿಯೂ ಐವ್ಸ್ 1895ರಲ್ಲಿಯೂ ತೀರಿಕೊಂಡರು. ಹೊಸ ಮುದ್ರಣವಿದ್ಯೆಗಳೂ ಛಾಯಾಚಿತ್ರಗಳೂ ಬಂದು ವ್ಯಾಪಾರ ಕುಗ್ಗಿ, 1907ರಲ್ಲಿ ಅಂಗಡಿಯನ್ನು ಮುಚ್ಚಿದರು. ಹಲವು ಕಲ್ಲುಗಳ ಮೇಲಣ ಚಿತ್ರಗಳನ್ನು ಉಜ್ಜಿ ತೆಗೆದು, ಕಲ್ಲುಗಳನ್ನು ತೂಕದ ಲೆಕ್ಕದಲ್ಲಿ ಮಾರಿಬಿಟ್ಟರು. ಹಾಳೆಗಳು ಮಾತ್ರ ಉಳಿದಿವೆ. ವಾಷಿಂಗ್ಟನ್ನಿನ ಕಾಂಗ್ರೆಸ್ ಗ್ರಂಥಾಲಯದ ಚಿತ್ರಸಂಗ್ರಹದಲ್ಲಿ 1872ರ ಆ ಏಳು ಮಂದಿಯ ಭಾವಚಿತ್ರವೂ ಇದೆ, ಡಾರ್ಕ್‌ಟೌನಿನ ಹಾಳೆಗಳೂ ಇವೆ. ಎರಡರ ಅಡಿಯಲ್ಲಿಯೂ ಅಚ್ಚಾಗಿರುವುದು ಒಂದೇ ಅಂಗಡಿಯ ಹೆಸರು.